ಸ್ಲಾಟ್ ಮಷೀನ್: ಗೋವಾಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಭತ್ತ ಮಾರಿದ ದುಡ್ಡು ಕೈಗೆ ಬಂತು ಅಂದ್ರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯಿಂದ ಗೋವಾಕ್ಕೆ ಗುಂಪು ಗುಂಪಾಗಿ ಜನ ಹೊರಡುತ್ತಾರೆ. ಕಾರಿದ್ದವರು ಕಾರಿನಲ್ಲಿ, ಇಲ್ಲದವರು ಕೊಪ್ಪಳದಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ. ಬೀಚ್ ಆಯಿತು, ಮೀನೂಟ ಆಯಿತು, ಕೊನೆಗೆ ಒಂದು ರಾತ್ರಿ ಕ್ಯಾಸಿನೊ. ಅಲ್ಲಿ ಇಸ್ಪೀಟ್ ಟೇಬಲ್ ಹತ್ತಿರ ಹೋಗಲು ಹಿಂಜರಿಯುವವರೂ ಸ್ಲಾಟ್ ಮಷೀನ್ ಮುಂದೆ ಆರಾಮಾಗಿ ಕೂತುಬಿಡುತ್ತಾರೆ. ನಾನು ಗಂಗಾವತಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವನು. ಹಾಗಾಗಿ ಹೋಗಿ ಬಂದವರೂ ಹೋಗುವವರೂ ನನ್ನನ್ನೇ ಹಿಡಿದು ಕೇಳುತ್ತಾರೆ. ಆ ಪ್ರಶ್ನೆಗಳು ಇವು. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ಎರಡೇ ಮಾತು.

ಸ್ಲಾಟ್ ಮಷೀನ್ ಅಂದ್ರೆ ಏನು? ನಾನು ನೋಡೇ ಇಲ್ಲ.

ದುಡ್ಡು ಹಾಕಿ ಬಟನ್ ಒತ್ತಿದರೆ ಚಿತ್ರಗಳು ತಿರುಗಿ ನಿಲ್ಲುವ ಯಂತ್ರ. ಮೊದಲು ಚಿತ್ರಗಳು ನಿಜವಾದ ಚಕ್ರಗಳ ಮೇಲಿದ್ದವು, ಈಗ ಬಹುಪಾಲು ಪರದೆಯ ಮೇಲೆ. ಒಂದೇ ಚಿತ್ರ ಸಾಲಾಗಿ ಬಂದರೆ ದುಡ್ಡು, ಬರದಿದ್ದರೆ ಇಲ್ಲ. ಎದುರಾಳಿ ಇಲ್ಲ, ಕಲಿಯಬೇಕಾದ್ದು ಏನೂ ಇಲ್ಲ. ಬ್ರಿಟನ್ನಿನಲ್ಲಿ ಇದಕ್ಕೆ ಫ್ರೂಟ್ ಮಷೀನ್ ಅಂತಾರೆ, ಆಸ್ಟ್ರೇಲಿಯಾದಲ್ಲಿ ಪೋಕಿ.

ಬಟನ್ ಒತ್ತಿದ ಮೇಲೆ ಒಳಗೆ ಏನಾಗುತ್ತೆ?

ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮಷೀನ್ ಒಳಗೆ ಒಂದು ಚಿಪ್ ಇದೆ. ಅದರಲ್ಲಿ ಓಡುವ ಪ್ರೋಗ್ರಾಮಿನ ಹೆಸರು ರ‍್ಯಾಂಡಮ್ ನಂಬರ್ ಜನರೇಟರ್, ಅಂದರೆ ಯಾವ ಕ್ರಮವೂ ಇಲ್ಲದ ಸಂಖ್ಯೆಗಳನ್ನು ಹುಟ್ಟಿಸುವುದು. ಅದು ಹಗಲು ರಾತ್ರಿ, ಯಾರೂ ಆಡದೇ ಇದ್ದಾಗಲೂ, ಸೆಕೆಂಡಿಗೆ ಸಾವಿರಾರು ಸಂಖ್ಯೆಗಳನ್ನು ಸುರಿಯುತ್ತಲೇ ಇರುತ್ತದೆ. ನೀವು ಬಟನ್ ಒತ್ತಿದ ಆ ಗಳಿಗೆಯಲ್ಲಿ ಯಾವ ಸಂಖ್ಯೆ ಇತ್ತೋ ಅದನ್ನು ಮಷೀನ್ ಎತ್ತಿಕೊಳ್ಳುತ್ತದೆ. ಇಂಥ ಸಂಖ್ಯೆಗೆ ಮೊದಲ ಚಕ್ರ ಇಲ್ಲಿ ನಿಲ್ಲಬೇಕು, ಎರಡನೆಯದು ಅಲ್ಲಿ, ಮೂರನೆಯದು ಇನ್ನೊಂದು ಕಡೆ ಅಂತ ಒಂದು ಪಟ್ಟಿ ಇರುತ್ತದೆ. ಪಟ್ಟಿ ನೋಡಿ ಚಕ್ರಗಳನ್ನು ತಿರುಗಿಸಿ ಅಲ್ಲಲ್ಲೇ ತಂದು ನಿಲ್ಲಿಸುತ್ತದೆ.

ಅಂದರೆ ಚಕ್ರ ತಿರುಗಲು ಶುರುವಾಗುವ ಮೊದಲೇ ಫಲಿತಾಂಶ ಆಗಿಹೋಗಿದೆ. ತಿರುಗುವುದು ಬರೀ ತೋರಿಕೆ.

ಇದನ್ನು ನಮ್ಮ ಲ್ಯಾಬಿನಲ್ಲಿ ಹುಡುಗರಿಗೆ ತೋರಿಸುತ್ತೇನೆ. ಪ್ರೋಗ್ರಾಮ್ ತುಂಬಿ ಓಡಿಸುವ ಪುಟ್ಟದೊಂದು ಆರ್ಡುಯಿನೊ ಬೋರ್ಡ್, ಅಂಕಿ ತೋರಿಸುವ ಮೂರು ಸೆವೆನ್ ಸೆಗ್‌ಮೆಂಟ್ ಡಿಸ್‌ಪ್ಲೇ, ಒಂದು ಪುಶ್ ಬಟನ್, ಅಷ್ಟೇ. ಒತ್ತಿದರೆ ಮೂರೂ ಅಂಕಿಗಳು ಎರಡು ಸೆಕೆಂಡು ಗಿರಗಿರ ತಿರುಗಿ ಒಂದೊಂದಾಗಿ ನಿಲ್ಲುತ್ತವೆ. ಹುಡುಗರು ಬಗ್ಗಿ ನೋಡುತ್ತಾ "ಏಳು, ಏಳು" ಅಂತ ಕೂಗುತ್ತಾರೆ. ಆಮೇಲೆ ಮೂರನೇ ಡಿಸ್‌ಪ್ಲೇಯ ವೈರ್ ಕಿತ್ತು ಇನ್ನೊಮ್ಮೆ ಒತ್ತಿಸುತ್ತೇನೆ. ಎರಡು ಅಂಕಿ ತಿರುಗುತ್ತವೆ, ಮೂರನೆಯದು ಕತ್ತಲೆ. ಆದರೆ ಪಕ್ಕದ ಲ್ಯಾಪ್‌ಟಾಪಿನಲ್ಲಿ, ಅಂಕಿಗಳು ಇನ್ನೂ ತಿರುಗುತ್ತಿರುವಾಗಲೇ, ಮೂರೂ ಅಂಕಿ ಬಂದು ಕೂತಿರುತ್ತವೆ. ಅದನ್ನು ನೋಡಿದ ಮೇಲೆ ಯಾರೂ ಕೂಗುವುದಿಲ್ಲ.

ಹಾಗಾದ್ರೆ ಹ್ಯಾಂಡಲ್ ನಿಧಾನಕ್ಕೆ ಎಳೀಬೇಕು, ಬಟನ್ ಜೋರಾಗಿ ಒತ್ತಬೇಕು ಅನ್ನೋದು?

ಏನೂ ಉಪಯೋಗ ಇಲ್ಲ. ಎಷ್ಟೋ ಮಷೀನುಗಳಲ್ಲಿ ಹ್ಯಾಂಡಲ್ ಇದ್ದರೂ ಅದು ಬರೀ ಒಂದು ಸ್ವಿಚ್. ತಿರುಗುವಾಗ ಪರದೆ ಮುಟ್ಟಿ ನಿಲ್ಲಿಸುವ ಸೌಲಭ್ಯ ಇರುವ ಮಷೀನುಗಳಲ್ಲೂ ಸಾಮಾನ್ಯವಾಗಿ ತೋರಿಕೆ ಬೇಗ ಮುಗಿಯುತ್ತದೆಯೇ ಹೊರತು ಫಲಿತಾಂಶ ಬದಲಾಗುವುದಿಲ್ಲ. ಕೈಗೆ ಏನೋ ಕೆಲಸ ಕೊಟ್ಟರೆ ಆಟ ನಮ್ಮ ಹಿಡಿತದಲ್ಲಿದೆ ಅನ್ನಿಸುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ 1975ರಲ್ಲೇ ಇದರ ಬಗ್ಗೆ ಬರೆದರು. ಲಾಟರಿ ಟಿಕೆಟ್ ತಾವೇ ಆರಿಸಿಕೊಂಡವರು ಅದನ್ನು ಬಿಟ್ಟುಕೊಡಲು ಜಾಸ್ತಿ ಬೆಲೆ ಕೇಳುತ್ತಿದ್ದರು, ಯಾರೋ ಕೈಗೆ ಕೊಟ್ಟ ಟಿಕೆಟ್ಟಿಗೆ ಕಮ್ಮಿ.

ಇದನ್ನ ಕಂಡುಹಿಡಿದೋರು ಯಾರು?

ಈಗಿನ ರೂಪಕ್ಕೆ ಮೂಲ ಸ್ಯಾನ್ ಫ್ರಾನ್ಸಿಸ್ಕೊದ ಚಾರ್ಲ್ಸ್ ಫೇ. ಜರ್ಮನಿಯಿಂದ ವಲಸೆ ಬಂದ ಮೆಕ್ಯಾನಿಕ್. 1890ರ ದಶಕದ ಕೊನೆಯ ಭಾಗದಲ್ಲಿ ಲಿಬರ್ಟಿ ಬೆಲ್ ಅನ್ನುವ ಮೂರು ಚಕ್ರದ ಯಂತ್ರ ಮಾಡಿದ. ಲಾಳ, ಡೈಮಂಡ್, ಇಸ್ಪೀಟ್, ಆಟೀನ್, ಗಂಟೆ, ಹೀಗೆ ಐದೇ ಚಿತ್ರ. ಮೂರು ಗಂಟೆ ಬಂದರೆ 50 ಸೆಂಟ್. ಮುಂದೆ ದುಡ್ಡು ಕೊಡುವ ಯಂತ್ರಗಳ ಮೇಲೆ ನಿರ್ಬಂಧ ಬಂದಾಗ ಕೆಲವು ಕಂಪನಿಗಳು ಚ್ಯೂಯಿಂಗ್ ಗಮ್ ಕೊಡುವ ಯಂತ್ರ ಅಂತ ಹೇಳಿ ಮಾರಿದವು. ಇವತ್ತಿಗೂ ಕಾಣುವ ಚೆರ್ರಿ, ನಿಂಬೆ, ಪ್ಲಮ್ ಚಿತ್ರಗಳು ಆ ಗಮ್‌ನ ರುಚಿಗಳ ಉಳಿಕೆ.

1960ರ ದಶಕದಲ್ಲಿ ಬ್ಯಾಲಿ ಕಂಪನಿಯ ಮನಿ ಹನಿ ಬಂತು. ಅದಕ್ಕೆ ಕರೆಂಟು, ಅದರಲ್ಲೇ ನಾಣ್ಯದ ದೊಡ್ಡ ಬುಟ್ಟಿ, 500 ನಾಣ್ಯದವರೆಗೂ ತಾನೇ ಸುರಿಯುತ್ತಿತ್ತು. 1970ರ ದಶಕದಲ್ಲಿ ಟಿವಿ ಪರದೆಯ ಮಷೀನ್ ಬಂತು. ಆದರೆ ನನ್ನ ಪ್ರಕಾರ ದೊಡ್ಡ ತಿರುವು 1984ರ ಒಂದು ಪೇಟೆಂಟ್. ಇಂಗೆ ಟೆಲ್ನೇಸ್ ಅನ್ನುವ ಎಂಜಿನಿಯರದು. ಕಣ್ಣಿಗೆ ಕಾಣುವ ಚಕ್ರದಲ್ಲಿ 22 ಜಾಗ ಇದ್ದರೆ ಮೂರು ಚಕ್ರಕ್ಕೆ 10,648 ಜೋಡಣೆಗಳು. ಅಷ್ಟರೊಳಗೆ ಕೋಟಿಗಟ್ಟಲೆ ಬಹುಮಾನ ಇಟ್ಟರೆ ಮಾಲೀಕ ಮುಳುಗುತ್ತಾನೆ. ಟೆಲ್ನೇಸ್ ಮಾಡಿದ್ದು ಇಷ್ಟೇ: ಕಾಣುವ ಚಕ್ರದ ಹಿಂದೆ, ಚಿಪ್ಪಿನ ಒಳಗೆ, ಇನ್ನೂ ದೊಡ್ಡ ಚಕ್ರ ಇದೆ ಅಂತ ಲೆಕ್ಕ ಹಿಡಿದ. ಒಳಚಕ್ರದಲ್ಲಿ 64 ಜಾಗ ಅಂದುಕೊಂಡರೆ ಜೋಡಣೆಗಳು 2,62,144. ಆಟಗಾರನ ಕಣ್ಣಿಗೆ ಮಾತ್ರ ಅದೇ ಪುಟ್ಟ ಚಕ್ರ. ಅಲ್ಲಿಂದ ಮುಂದೆ ಕಣ್ಣಳತೆ ಕೆಲಸಕ್ಕೆ ಬಾರದ ಹಾಗಾಯಿತು.

ಲೆಕ್ಕ ಹೇಳಿ. ಮಾಲೀಕನಿಗೆ ಎಷ್ಟು, ನಮಗೆ ಎಷ್ಟು?

ಸಣ್ಣ ಮಷೀನ್ ಒಂದನ್ನು ನಾವೇ ಕಟ್ಟೋಣ. ಮೂರು ಚಕ್ರ. ಪ್ರತಿ ಚಕ್ರದಲ್ಲಿ 10 ಜಾಗ: ಗಂಟೆ 1, ಮಾವು 3, ನಿಂಬೆ 6. ಒಟ್ಟು ಜೋಡಣೆ 10 × 10 × 10, ಅಂದರೆ 1,000. ಒಂದು ಆಟಕ್ಕೆ ₹10.

ಮೂರು ಗಂಟೆ ಬರುವುದು ಸಾವಿರದಲ್ಲಿ 1 ಸಲ. ಅದಕ್ಕೆ ₹2,000 ಕೊಡೋಣ. ಮೂರು ಮಾವು 27 ಸಲ, ಪ್ರತಿ ಸಲ ₹100. ಮೂರು ನಿಂಬೆ 216 ಸಲ, ಪ್ರತಿ ಸಲ ₹20. ಕೂಡಿಸಿದರೆ 2,000 + 2,700 + 4,320 = ₹9,020.

ಸಾವಿರ ಆಟಕ್ಕೆ ಒಳಗೆ ಹೋಗಿದ್ದು ₹10,000, ಹೊರಗೆ ಬಂದಿದ್ದು ₹9,020. ಹಾಕಿದ್ದರಲ್ಲಿ 90.2% ವಾಪಸ್, ಉಳಿದ 9.8% ಮಾಲೀಕನಿಗೆ. ಒಂದು ಒತ್ತಿಗೆ ಸರಾಸರಿ 98 ಪೈಸೆ.

ಇದರಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಸಾವಿರದಲ್ಲಿ 244 ಸಲ ಏನಾದರೂ ಬರುತ್ತದೆ, ಅಂದರೆ ಹೆಚ್ಚು ಕಮ್ಮಿ ನಾಲ್ಕಕ್ಕೊಂದು. ಆದ್ದರಿಂದಲೇ ಕೂತವನಿಗೆ "ಬರ್ತಾ ಇದೆ" ಅನ್ನಿಸುತ್ತದೆ. ಬರುತ್ತಿರುವುದೂ ನಿಜ, ಹೋಗುತ್ತಿರುವುದೂ ನಿಜ. ನಿಂಬೆಯ ₹20 ಕಡಿಮೆ ಮಾಡಿ ಗಂಟೆಯ ಬಹುಮಾನ ಏರಿಸಿದರೆ ಅದೇ 90%ಗೆ ಬೇರೆ ಸ್ವಭಾವದ ಮಷೀನ್ ಆಗುತ್ತದೆ: ಬಹಳ ಹೊತ್ತು ಏನೂ ಇಲ್ಲ, ಬಂದರೆ ದೊಡ್ಡದು. ಮಷೀನ್ ಮಾಡುವ ಕಂಪನಿಗಳು ತಲೆ ಕೆಡಿಸಿಕೊಳ್ಳುವುದು ಈ ಹದಕ್ಕೇ.

ವಾಪಸ್ ಎಷ್ಟು ಕೊಡಲೇಬೇಕು ಅನ್ನುವುದನ್ನು ಕೆಲವು ಕಡೆ ಸರ್ಕಾರವೇ ನಿಗದಿ ಮಾಡಿದೆ. ಅಮೆರಿಕದ ನೆವಾಡಾದಲ್ಲಿ ಕನಿಷ್ಠ 75%, ನ್ಯೂಜೆರ್ಸಿಯಲ್ಲಿ 83%.

90% ಅಂದ್ರೆ ₹1,000 ತಗೊಂಡು ಹೋದ್ರೆ ₹900 ಉಳಿಯುತ್ತೆ, ಅಲ್ವಾ?

ಒಂದೇ ಸುತ್ತು ಆಡಿ ಎದ್ದರೆ ಸರಾಸರಿ ಹಾಗೆ. ಆದರೆ ಯಾರು ಏಳುತ್ತಾರೆ? ಬಂದ ₹900ನ್ನು ಮತ್ತೆ ಹಾಕಿದರೆ 810. ಅದನ್ನು ಹಾಕಿದರೆ 729, ಆಮೇಲೆ 656, ಆಮೇಲೆ 590. ಐದು ಸುತ್ತಿಗೆ ₹410 ಹೋಯಿತು. ಶೇಕಡಾ ಲೆಕ್ಕ ನಿಮ್ಮ ಜೇಬಿನ ಮೇಲಲ್ಲ, ಮಷೀನಿಗೆ ಹಾಕಿದ ಒಟ್ಟು ದುಡ್ಡಿನ ಮೇಲೆ. ಒಂದೇ ಸಾವಿರ ರೂಪಾಯಿ ನಾಲ್ಕೈದು ಸಲ ಮಷೀನ್ ಒಳಗೆ ಹೋಗಿ ಬಂದಿರುತ್ತದೆ.

ನಮ್ಮ ಕಡೆ ಓಸಿ ಮಟ್ಕಾಗಿಂತ ಇದು ವಾಸಿ ಅಲ್ವಾ?

ಇದನ್ನು ಕೇಳುವವರು ಜಾಸ್ತಿ. ಕೇಳುವುದೂ ಸರಿಯೇ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಮಟ್ಕಾ ಗೊತ್ತಿಲ್ಲದ ಊರಿಲ್ಲ. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯ ಓಪನ್, ಕ್ಲೋಸ್ ದರದ ಮೇಲೆ ಮುಂಬೈಯಲ್ಲಿ ಶುರುವಾದ ಬಾಜಿ ಅದು. 1960ರ ದಶಕದಲ್ಲಿ ಹತ್ತಿಯ ದರ ಹೋಗಿ ಮಡಕೆಯಿಂದ ಚೀಟಿ ಎತ್ತುವ ಪದ್ಧತಿ ಬಂತು. ಹತ್ತಿ ಬೆಳೆಯುವ ನಮ್ಮ ನೆಲಕ್ಕೆ ಹತ್ತಿ ದರದ ಜೂಜೇ ಬಂದು ಅಂಟಿಕೊಂಡಿದ್ದು ವಿಚಿತ್ರ.

ಲೆಕ್ಕಕ್ಕೆ ಬರೋಣ. 00ಯಿಂದ 99ರವರೆಗೆ 100 ಜೋಡಿ ನಂಬರ್. "ಒಂದು ರೂಪಾಯಿಗೆ ಎಂಬತ್ತು" ಅಂತ ನಮ್ಮ ಕಡೆ ಕೂಗಿ ಬರೆಸಿಕೊಳ್ಳುತ್ತಾರೆ. ನೂರರಲ್ಲಿ ಒಂದು ಅವಕಾಶಕ್ಕೆ ಎಂಬತ್ತು, ಅಂದರೆ 80% ವಾಪಸ್. ನಮ್ಮ ಕಲ್ಪನೆಯ ಮಷೀನ್ 90.2%. ಕಾಗದದ ಮೇಲೆ ಮಷೀನೇ ಮೇಲು.

ಈಗ ಗಡಿಯಾರ ತನ್ನಿ. ಮಟ್ಕಾ ಆಡುವವನು ಬೆಳಿಗ್ಗೆ ₹100 ಬರೆಸಿದರೆ ನಂಬರ್ ಬರುವ ತನಕ ಕಾಯಬೇಕು. ದಿನಕ್ಕೆ ಒಂದೇ ಸಲ ಅಂದರೆ ಸರಾಸರಿ ₹20 ಕಳೆದುಕೊಂಡ. ಮಷೀನ್ ಮುಂದೆ ಕೂತವನು ಆರು ಸೆಕೆಂಡಿಗೆ ಒಂದು ಸಲ ಒತ್ತುತ್ತಾನೆ ಅನ್ನಿ. ಗಂಟೆಗೆ 600 ಒತ್ತು, ಒಂದಕ್ಕೆ ₹10ರಂತೆ ₹6,000 ಒಳಗೆ ಹೋಯಿತು. ಅದರ 9.8% ಅಂದರೆ ₹588. ಒಂದು ಗಂಟೆಗೆ. ಜೂಜಿನಲ್ಲಿ ಎಲ್ಲರೂ ಶೇಕಡಾ ನೋಡುತ್ತಾರೆ, ವೇಗ ಯಾರೂ ನೋಡುವುದಿಲ್ಲ. ಸ್ಲಾಟ್ ಮಷೀನಿನ ಇಡೀ ವ್ಯಾಪಾರ ನಿಂತಿರುವುದು ವೇಗದ ಮೇಲೆ. ನಾಣ್ಯ ಹೋಗಿ ನೋಟು ಬಂತು, ನೋಟು ಹೋಗಿ ಕಾರ್ಡ್ ಬಂತು, ಹ್ಯಾಂಡಲ್ ಹೋಗಿ ಬಟನ್ ಬಂತು. ಪ್ರತಿಯೊಂದೂ ಎರಡು ಒತ್ತುಗಳ ನಡುವಿನ ಬಿಡುವನ್ನು ಕಡಿಮೆ ಮಾಡಿತು.

ಮಟ್ಕಾ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಸಾಲಕ್ಕೂ ಬರೆದುಕೊಳ್ಳುತ್ತಾರೆ, ಎಷ್ಟೋ ಮನೆ ಹಾಳಾಗಿರುವುದು ಹಾಗೇ.

ಬಹಳ ಹೊತ್ತಿಂದ ಕೊಡದ ಮಷೀನ್ ಇನ್ನೇನು ಕೊಡುತ್ತೆ ಅಂತಾರಲ್ಲ?

ಮಷೀನಿಗೆ ನೆನಪಿಲ್ಲ. ಹಿಂದಿನ ಆಟಕ್ಕೂ ಈಗಿನದಕ್ಕೂ ಸಂಬಂಧವೇ ಇಲ್ಲ. ಸಾವಿರಕ್ಕೊಂದು ಅವಕಾಶ ಇರುವ ಗಂಟೆ, ಸಾವಿರ ಸಲ ಒತ್ತಿದರೂ ಒಮ್ಮೆಯೂ ಬಾರದೇ ಇರುವ ಸಾಧ್ಯತೆ ಸುಮಾರು 37%. ಸಾವಿರದ ಒಂದನೇ ಒತ್ತಿಗೂ ಅವಕಾಶ ಅದೇ ಸಾವಿರಕ್ಕೊಂದು. ನೀವು ಎದ್ದ ಮೇಲೆ ಪಕ್ಕದವನು ಕೂತು ಜಾಕ್‌ಪಾಟ್ ಹೊಡೆದರೆ ಹೊಟ್ಟೆ ಉರಿದುಕೊಳ್ಳಬೇಡಿ. ಅವನು ಒತ್ತಿದ ಗಳಿಗೆಯಲ್ಲಿ ನೀವು ಒತ್ತುತ್ತಿರಲಿಲ್ಲ.

ಬಾಗಿಲ ಹತ್ತಿರದ ಮಷೀನ್ ಜಾಸ್ತಿ ಕೊಡುತ್ತಾ? ಅಮಾವಾಸ್ಯೆ ದಿನ?

ಚಿಪ್ಪಿಗೆ ಬಾಗಿಲೂ ಗೊತ್ತಿಲ್ಲ, ಪಂಚಾಂಗವೂ ಗೊತ್ತಿಲ್ಲ.

ಎರಡು ಗಂಟೆ ಬಂದು ಮೂರನೆಯದು ಕೂದಲೆಳೆಯಲ್ಲಿ ತಪ್ಪಿತು. ಇನ್ನೊಂದ್ಸಲ ಒತ್ತಿದ್ರೆ ಬರ್ತಿತ್ತೇನೋ?

ಮೇಲಿನ ನಮ್ಮ ಮಷೀನನ್ನೇ ನೋಡಿ. ಮೂರು ಗಂಟೆ ಸಾವಿರಕ್ಕೆ 1 ಸಲ. ಸರಿಯಾಗಿ ಎರಡು ಗಂಟೆ ಸಾವಿರಕ್ಕೆ 27 ಸಲ. ಯಾರೂ ಏನೂ ಕೈಚಳಕ ಮಾಡದಿದ್ದರೂ "ತಪ್ಪಿಹೋಯ್ತು" ಅನ್ನಿಸುವುದು ಗೆಲುವಿಗಿಂತ 27 ಪಟ್ಟು ಜಾಸ್ತಿ. ಇನ್ನು ಟೆಲ್ನೇಸ್‌ನ ಒಳಚಕ್ರ ಇದ್ದರೆ ಕೇಳಲೇಬೇಡಿ. ಗಂಟೆಗೆ ಒಳಚಕ್ರದಲ್ಲಿ ಒಂದೇ ಜಾಗ ಕೊಟ್ಟು, ಗಂಟೆಯ ಮೇಲೂ ಕೆಳಗೂ ಇರುವ ಖಾಲಿ ಪಟ್ಟಿಗಳಿಗೆ ಐದಾರು ಜಾಗ ಕೊಟ್ಟರೆ, ಗಂಟೆ ಪದೇ ಪದೇ ಗೆಲುವಿನ ಗೆರೆಯ (ಚಿತ್ರಗಳು ಸಾಲಾಗಿ ನಿಲ್ಲಬೇಕಾದ ಗೆರೆ) ಒಂದು ಬೆರಳು ಮೇಲೆ ಬಂದು ನಿಲ್ಲುತ್ತದೆ.

ಕೇಂಬ್ರಿಜ್‌ನ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ಆಟ ಆಡುತ್ತಿರುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಸ್ವಲ್ಪದರಲ್ಲಿ ತಪ್ಪಿದಾಗ, ಗೆದ್ದಾಗ ಚುರುಕಾಗುವ ಭಾಗಗಳೇ ಚುರುಕಾದವು. ಆಟಗಾರರು ಇದರಿಂದ ಖುಷಿಯಾಗಲಿಲ್ಲ, ಬೇಜಾರೇ ಆಯಿತು ಅಂದರು. ಆದರೆ ಇನ್ನೊಂದು ಸಲ ಆಡಬೇಕು ಅನ್ನುವ ಆಸೆ ಮಾತ್ರ ಹೆಚ್ಚಾಯಿತು.

ಸೋತರೂ ಮಷೀನ್ ಯಾಕೆ ಹಾಡು ಹೇಳುತ್ತೆ?

ಪಣಜಿಯಲ್ಲಿ ನಮ್ಮ ಸೋದರಮಾವನ ಮಗನ ಹಿಂದೆ ನಿಂತು ನೋಡಿದ್ದನ್ನು ಹೇಳುತ್ತೇನೆ. ಈಗಿನ ಮಷೀನಿನಲ್ಲಿ ಒಂದೇ ಗೆರೆ ಅಲ್ಲ, ಇಪ್ಪತ್ತು ಗೆರೆ: ಅಡ್ಡ, ಓರೆ, ಅಂಕುಡೊಂಕು. ಒಂದೊಂದು ಗೆರೆಗೂ ಒಂದೊಂದು ಕ್ರೆಡಿಟ್, ಅಂದರೆ ದುಡ್ಡಿಗೆ ಬದಲು ಮಷೀನ್ ಎಣಿಸುವ ಅಂಕ. ಪರದೆಯ ಮೂಲೆಯಲ್ಲಿ 500 ಅಂತ ಇತ್ತು. ಒತ್ತಿದ, 480 ಆಯಿತು. ಚಿತ್ರಗಳು ನಿಂತವು. ಒಂದು ಗೆರೆ ಮಿನುಗಿತು, ನಾಣ್ಯ ಸುರಿಯುವ ಸದ್ದು, ನಡುವೆ ದೊಡ್ಡ ಅಕ್ಷರದಲ್ಲಿ "ವಿನ್ 6". ಮೂಲೆಯಲ್ಲಿ 486. ಅವನು ನನ್ನ ಕಡೆ ತಿರುಗಿ "ನೋಡಿದ್ಯಾ ಮಾವ, ಬಂತು!" ಅಂದ. ಬಂದಿದ್ದು 6, ಹೋಗಿದ್ದು 20. ಹದಿನಾಲ್ಕು ಸೋತದ್ದಕ್ಕೆ ಮಷೀನ್ ಹಾಡು ಹೇಳಿತು, ಇವನು ನಕ್ಕ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಆಟಗಳಲ್ಲಿ ಆಡುವವರ ಕೈ ಬೆವರನ್ನು ಅಳೆದು ನೋಡಿದ್ದಾರೆ. ಗೆಲುವಿನ ವೇಷ ಹಾಕಿದ ಈ ಸೋಲಿಗೂ ದೇಹ ಗೆದ್ದಾಗಿನ ಹಾಗೇ ಮಿಡಿಯುತ್ತದೆ. ಹಾಗಾಗಿ ನಡುವಿನ ದೊಡ್ಡ ಅಕ್ಷರ ಬಿಡಿ, ಮೂಲೆಯ ಸಣ್ಣ ಸಂಖ್ಯೆ ನೋಡಿ.

ಇಷ್ಟೆಲ್ಲ ಗೊತ್ತಿದ್ರೂ ಜನ ಯಾಕೆ ಇಷ್ಟಪಡ್ತಾರೆ? ದಡ್ಡರಾ?

ಅಲ್ಲವೇ ಅಲ್ಲ. ಸಂಖ್ಯಾಶಾಸ್ತ್ರ ಓದಿದವರೂ ಆಡುತ್ತಾರೆ. ಆ ಖುಷಿ ಸುಳ್ಳು ಅನ್ನುವವರನ್ನು ನಾನು ಒಪ್ಪುವುದಿಲ್ಲ.

ಮೊದಲನೆಯದು, ಕಾಯುವ ಆ ಎರಡು ಸೆಕೆಂಡು. ಬಹುಮಾನ ಯಾವಾಗ ಬರುತ್ತದೋ ಗೊತ್ತಿಲ್ಲದಿದ್ದಾಗ ಪ್ರಾಣಿಗಳು ಬಿಡದೆ ಅದೇ ಕೆಲಸ ಮಾಡುತ್ತವೆ ಅಂತ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ತೋರಿಸಿದರು. ಪ್ರತಿ ಹತ್ತನೇ ಕುಟುಕಿಗೆ ಕಾಳು ಸಿಕ್ಕರೆ ಪಾರಿವಾಳ ಕಾಳು ತಿಂದು ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಒಮ್ಮೆ ಮೂರನೇ ಕುಟುಕಿಗೆ, ಒಮ್ಮೆ ಇಪ್ಪತ್ತನೆಯದಕ್ಕೆ ಸಿಕ್ಕರೆ ಕುಟುಕುತ್ತಲೇ ಇರುತ್ತದೆ. ಜೂಜಿನ ಯಂತ್ರ ಕೆಲಸ ಮಾಡುವುದೂ ಹೀಗೇ ಅಂತ ಸ್ಕಿನ್ನರ್ ಅವರೇ ಹೇಳಿದ್ದರು.

ಎರಡನೆಯದು, ಯಾರ ಮುಂದೆಯೂ ಪೆಚ್ಚಾಗಬೇಕಿಲ್ಲ. ಇಸ್ಪೀಟ್ ಟೇಬಲ್ಲಿನಲ್ಲಿ ತಪ್ಪು ಎಲೆ ಹಾಕಿದರೆ ನಾಲ್ಕು ಜನ ಮುಖ ನೋಡುತ್ತಾರೆ. ಮಷೀನ್ ಏನೂ ಅನ್ನುವುದಿಲ್ಲ. ನಮ್ಮ ಕಡೆಯಿಂದ ಹೋದ ಹೆಂಗಸರು ಟೇಬಲ್ ಬಿಟ್ಟು ಇಲ್ಲಿ ಕೂರಲು ಇದೇ ಕಾರಣ ಅಂತ ನನಗನ್ನಿಸಿದೆ. ಅಕ್ಕಪಕ್ಕ ಕೂತು, ಮಾತಾಡುತ್ತಾ, ನಗುತ್ತಾ ಒತ್ತುತ್ತಿರುತ್ತಾರೆ.

ಮೂರನೆಯದು ಸ್ವಲ್ಪ ಗಂಭೀರ. ಲಾಸ್ ವೇಗಸ್‌ನಲ್ಲಿ ಹಲವು ವರ್ಷ ಆಟಗಾರರ ಜೊತೆ ಓಡಾಡಿದ ಮಾನವಶಾಸ್ತ್ರಜ್ಞೆ ನಟಾಶಾ ಶೂಲ್ ಬರೆದ ಒಂದು ಸಂಗತಿ ನನ್ನ ತಲೆಯಿಂದ ಹೋಗಿಲ್ಲ. ವಿಪರೀತ ಆಡುವವರು ಗೆಲ್ಲಲು ಆಡುವುದಿಲ್ಲವಂತೆ. ಮನೆ, ಸಾಲ, ಕಾಯಿಲೆ ಎಲ್ಲ ಮರೆತುಹೋಗುವ ಒಂದು ಮಂಪರಿದೆ, ಅದರಲ್ಲಿ ಇನ್ನಷ್ಟು ಹೊತ್ತು ಇರಲು ಆಡುತ್ತಾರಂತೆ. ಕೆಲವರಿಗೆ ಗೆದ್ದರೆ ಕಿರಿಕಿರಿಯಂತೆ, ಯಾಕೆಂದರೆ ಆಟ ನಿಲ್ಲುತ್ತದೆ.

ಹಾಗಾಗಿ ಒಂದು ರಾತ್ರಿಗೆ ಹೋಗುವವರಿಗೆ ನಾನು ಹೇಳುವುದು: ಗವಿಮಠದ ಜಾತ್ರೆಯಲ್ಲಿ ಕಂಪನಿ ನಾಟಕಕ್ಕೆ ಟಿಕೆಟ್ ತಗೊಂಡು, ನಾಟಕ ಮುಗಿದ ಮೇಲೆ ದುಡ್ಡು ವಾಪಸ್ ಕೇಳುತ್ತೀರಾ? ಇದೂ ಅಷ್ಟೇ. ಕೊಟ್ಟದ್ದು ನೋಡಿದ ಆಟದ ಬೆಲೆ.

ದೊಡ್ಡ ಜಾಕ್‌ಪಾಟ್ ದುಡ್ಡು ಎಲ್ಲಿಂದ ಬರುತ್ತೆ?

ನಿಮ್ಮಂಥವರಿಂದಲೇ. ಹಲವು ಮಷೀನುಗಳನ್ನು ಜೋಡಿಸಿ, ಪ್ರತಿ ಒತ್ತಿನಿಂದ ಒಂದಿಷ್ಟು ಪಾಲು ಒಂದೇ ಡಬ್ಬಿಗೆ ಹಾಕುತ್ತಾರೆ. ಐಜಿಟಿ ಕಂಪನಿ 1986ರಲ್ಲಿ ನೆವಾಡಾದಲ್ಲಿ ಮೆಗಾಬಕ್ಸ್ ಅಂತ ಹೀಗೆ ಶುರುಮಾಡಿತು. 2003ರಲ್ಲಿ ಲಾಸ್ ವೇಗಸ್‌ನಲ್ಲಿ ಒಬ್ಬನಿಗೆ ಅದರಿಂದ 3 ಕೋಟಿ 97 ಲಕ್ಷ ಡಾಲರ್ ಬಂತು. ಪೇಪರಿನಲ್ಲಿ ಬಂದಿದ್ದು ಅವನೊಬ್ಬನ ಸುದ್ದಿ.

ಮಷೀನಿಗೆ ಮೋಸ ಮಾಡಕ್ಕೆ ಬರಲ್ವಾ? ನೀವು ಎಲೆಕ್ಟ್ರಾನಿಕ್ಸ್ ಓದಿದೋರು.

ಇದನ್ನು ಕೇಳುವವರು ನನ್ನ ಹುಡುಗರೇ, ಕಣ್ಣು ಮಿಟುಕಿಸಿ ಕೇಳುತ್ತಾರೆ. ಮಾಡಿದವರಿದ್ದಾರೆ. ರೊನಾಲ್ಡ್ ಹ್ಯಾರಿಸ್ ಅಂತ ನೆವಾಡಾದ ಜೂಜು ನಿಯಂತ್ರಣ ಮಂಡಳಿಯಲ್ಲೇ ಚಿಪ್ ಪರೀಕ್ಷಿಸುವ ಕೆಲಸದಲ್ಲಿದ್ದವನು. 1990ರ ದಶಕದಲ್ಲಿ, ಪರೀಕ್ಷಿಸಲು ಹೋದ ಮಷೀನುಗಳೊಳಗೆ ತನ್ನ ಪ್ರೋಗ್ರಾಮ್ ಸೇರಿಸಿಬಿಟ್ಟ. ಇಂಥ ಕ್ರಮದಲ್ಲಿ ನಾಣ್ಯ ಹಾಕಿದರೆ ದುಡ್ಡು ಸುರಿಯುವ ಹಾಗೆ. ಕೊನೆಗೆ ಸಿಕ್ಕಿಬಿದ್ದು ಜೈಲಿಗೆ ಹೋದ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಹೊರಗಿನವರಿಗೆ ಅದು ಸುಲಭವಲ್ಲ, ಕ್ಯಾಮೆರಾ ಕೆಳಗೆ ಕೂತಿರುತ್ತೀರಿ.

ಕ್ಯಾಸಿನೊದವರೇ ಮೋಸ ಮಾಡಿದ್ರೆ?

ಕಾನೂನಿನ ಪ್ರಕಾರ ನಡೆಯುವ ಜಾಗದಲ್ಲಿ ಮಾಲೀಕನಿಗೆ ಮೋಸ ಮಾಡುವ ಅಗತ್ಯವೇ ಇಲ್ಲ. ಪ್ರಾಮಾಣಿಕವಾದ 9.8% ಅವನಿಗೆ ಬೇಕಾದಷ್ಟಾಯಿತು.

ಕೊಪ್ಪಳ, ಬಳ್ಳಾರಿಯಲ್ಲಿ ಇಂಥ ಮಷೀನ್ ಇಡಬಹುದಾ?

ಇಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ಜೂಜಿನ ಅಡ್ಡೆ ನಡೆಸುವುದೂ, ಅಲ್ಲಿ ಸಿಕ್ಕಿಬೀಳುವುದೂ ಅಪರಾಧ. ಪೇಪರಿನಲ್ಲಿ ಓದುತ್ತೀರಲ್ಲ, ಮಟ್ಕಾಕ್ಕೆ ಕಲಂ 78(3), ಬಯಲಲ್ಲಿ ಅಂದರ್ ಬಾಹರ್ ಆಡಿದರೆ 87, ಅದೇ ಕಾಯ್ದೆ. ಲಾಟರಿಯನ್ನೂ ನಮ್ಮ ರಾಜ್ಯ 2007ರಲ್ಲಿ ನಿಲ್ಲಿಸಿತು. ಗೋವಾದಲ್ಲಿ ಬೇರೆ ಕಾನೂನು. ಅಲ್ಲಿನ 1976ರ ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮಷೀನ್ ಇಡಲು ಬಿಟ್ಟರು. ಆಮೇಲೆ ಹಡಗುಗಳಿಗೂ ಅವಕಾಶ ಬಂತು. ಮಾಂಡೋವಿ ನದಿಯಲ್ಲಿ ದೀಪ ಹಾಕಿಕೊಂಡು ನಿಂತಿರುವುದು ಅವೇ. ಒಳಗೆ ಹೋಗಲು 21 ವರ್ಷ ತುಂಬಿರಬೇಕು.

ದೀಪಾವಳಿ ಪಾಡ್ಯಕ್ಕೆ ಇಸ್ಪೀಟ್ ಆಡಿದ್ರೆ ಪರವಾಗಿಲ್ಲ ಅಲ್ವಾ?

ಸಂಪ್ರದಾಯ ಇರಬಹುದು. ಕಾಯ್ದೆಯಲ್ಲಿ ಹಬ್ಬಕ್ಕೆ ರಜೆ ಬರೆದಿಲ್ಲ.

ಮೊಬೈಲಿನಲ್ಲಿ ಸ್ಲಾಟ್ ಆ್ಯಪ್ ಇದೆ. ಅದು ಆಡಬಹುದಾ?

ಎರಡು ಬಗೆ ಇದೆ. ಬರೀ ಸುಳ್ಳು ನಾಣ್ಯದಲ್ಲಿ ಆಡುವುದು ಒಂದು. ಅಲ್ಲಿ ಗೆದ್ದದ್ದು ದುಡ್ಡಾಗುವುದಿಲ್ಲ. ಆದರೆ ನಾಣ್ಯ ಮುಗಿದಾಗ ಕೊಂಡುಕೊಳ್ಳಿ ಅಂತ ಕಾಡುತ್ತದೆ, ಕೊಳ್ಳುವವರೂ ಇದ್ದಾರೆ. ಗೆಲ್ಲುವ ಅವಕಾಶವೇ ಇಲ್ಲದ ಜಾಗಕ್ಕೆ ದುಡ್ಡು ಹಾಕುವುದು ನನಗಂತೂ ಅರ್ಥವಾಗಿಲ್ಲ.

ನಿಜವಾದ ದುಡ್ಡು ಹಾಕಿ ತೆಗೆಯುವ ಆ್ಯಪ್ ಇನ್ನೊಂದು. ಇದರ ಹತ್ತಿರ ಹೋಗಬೇಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ಅದೃಷ್ಟದ ಆಟವಾಗಲಿ ಜಾಣತನದ ಆಟವಾಗಲಿ, ದುಡ್ಡು ಕಟ್ಟಿಸಿಕೊಂಡು ಆಡಿಸುವವರಿಗೆ 3 ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ ಅಂತ ಅದರಲ್ಲಿದೆ. ಜಾಹೀರಾತು ಮಾಡಿದವರಿಗೂ ಶಿಕ್ಷೆ ಇದೆ. ಆದರೂ ವಾಟ್ಸಾಪ್, ಟೆಲಿಗ್ರಾಮ್‌ನಲ್ಲಿ ಲಿಂಕ್ ಬರುತ್ತಲೇ ಇರುತ್ತವೆ. ಅಲ್ಲಿನ ಮಷೀನಿನ ಚಿಪ್ಪನ್ನು ಯಾರೂ ಪರೀಕ್ಷಿಸಿಲ್ಲ, ಚಿಪ್ಪೇ ಇಲ್ಲ. ಮೊದಲು ₹500 ಗೆಲ್ಲಿಸಿ, ಆಮೇಲೆ ₹20,000 ಹಾಕಿಸಿ, ದುಡ್ಡು ತೆಗೆಯಲು ಹೋದರೆ ಇನ್ನಷ್ಟು ಕಟ್ಟು ಅನ್ನುತ್ತಾರೆ. ಯಾರದೋ ಹೆಸರಿನ ಯುಪಿಐ ಖಾತೆಗೆ ಕಳಿಸಿ ನಿಮ್ಮ ಖಾತೆಯೂ ಫ್ರೀಜ್ ಆಗಬಹುದು. ಹಾಗೇನಾದರೂ ಆದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಗೆದ್ರೆ ತೆರಿಗೆ ಕಟ್ಟಬೇಕಾ?

ಕಟ್ಟಬೇಕು. 30%, ಅದರ ಮೇಲೆ ಸೆಸ್. ಸಂಬಳದ ತೆರಿಗೆಗೆ ಇರುವ ವಿನಾಯಿತಿ ಯಾವುದೂ ಇದಕ್ಕಿಲ್ಲ. ಇನ್ನೂ ಒಂದು: ಸೋತದ್ದನ್ನು ಗೆದ್ದದ್ದರಲ್ಲಿ ಕಳೆಯುವ ಹಾಗಿಲ್ಲ. ಸೋಮವಾರ ₹50,000 ಸೋತು ಮಂಗಳವಾರ ₹50,000 ಗೆದ್ದರೆ ನಿಮ್ಮ ಲೆಕ್ಕದಲ್ಲಿ ಸರಿಸಮ, ಇಲಾಖೆಯ ಲೆಕ್ಕದಲ್ಲಿ ನೀವು ₹50,000 ಗೆದ್ದವರು.

ಹೋಗೋದಂತೂ ಹೋಗ್ತೀವಿ. ಎಷ್ಟು ದುಡ್ಡು ಒಯ್ಯಬೇಕು?

ಕಳೆದುಹೋದರೆ ಮನೆಯಲ್ಲಿ ಧೈರ್ಯವಾಗಿ ಹೇಳಿಕೊಳ್ಳಬಹುದಾದಷ್ಟು. ನೋಟಿನಲ್ಲೇ ಒಯ್ಯಿರಿ. ಎಟಿಎಂ ಕಾರ್ಡ್, ಫೋನ್ ಎರಡನ್ನೂ ಆಡದೇ ಇರುವ ಸ್ನೇಹಿತನ ಕೈಗೆ ಕೊಡಿ. ಅಂಥವನೊಬ್ಬ ಗುಂಪಿನಲ್ಲಿ ಇರಲೇಬೇಕು, ಕಾರು ಓಡಿಸುವವನಾದರೆ ಇನ್ನೂ ಒಳ್ಳೆಯದು. ನಿಧಾನಕ್ಕೆ ಒತ್ತಿ. ನಡುನಡುವೆ ಎದ್ದು ಓಡಾಡಿ, ಏನಾದರೂ ತಿನ್ನಿ, ಪಕ್ಕದವರ ಆಟ ನೋಡಿ. ತಾನೇ ಒತ್ತಿಕೊಳ್ಳುವ ಆಟೊ ಪ್ಲೇ ಬಟನ್ ಮಾತ್ರ ಮುಟ್ಟಬೇಡಿ. ದುಡ್ಡು ಕೊಟ್ಟು ಖುಷಿ ಕೊಳ್ಳಲು ಬಂದವರು, ಖುಷಿಪಡುವ ಕೆಲಸವನ್ನೂ ಮಷೀನಿಗೇ ಕೊಟ್ಟರೆ ಹೇಗೆ?

ಚಟ ಆಗಿದೆ ಅಂತ ಗೊತ್ತಾಗೋದು ಹೇಗೆ?

ಎಷ್ಟು ಕಳೆದ ಅನ್ನುವುದಕ್ಕಿಂತ ಎಷ್ಟು ಮುಚ್ಚಿಟ್ಟ ಅನ್ನುವುದನ್ನು ನೋಡಿ. ಹೋದ ದುಡ್ಡು ವಾಪಸ್ ತರಬೇಕು ಅಂತ ಮರುದಿನವೇ ಹೊರಟರೆ, ಕೈಸಾಲ ಮಾಡಿ ಬೇರೆ ಕಾರಣ ಹೇಳಿದರೆ, ಆಡದ ದಿನ ಸುಮ್ನೆ ಸಿಡಿಮಿಡಿ ಅಂದರೆ ಗಮನಿಸಿ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲೇ ಜೂಜಿನ ಗೀಳನ್ನು ಕುಡಿತದ ಜೊತೆ, ಚಟಗಳ ಪಟ್ಟಿಗೆ ಸೇರಿಸಿತು. ಇದು ಕಾಯಿಲೆ, ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಬಹುದು. ಹೋಗಲು ಸಂಕೋಚ ಆದರೆ ಟೆಲಿ ಮಾನಸ್ ಸಹಾಯವಾಣಿ 14416. ದಿನದ 24 ಗಂಟೆ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ತಮ್ಮ ಆಡಿ ಸಾಲ ಮಾಡ್ಕೊಂಡಾನ್ರಿ. ನಾವು ತೀರಿಸಬೇಕಾ?

ಈ ಪ್ರಶ್ನೆ ಸಾಮಾನ್ಯವಾಗಿ ಅಕ್ಕಂದಿರು ಕೇಳುತ್ತಾರೆ, ಅದೂ ಮೆಲ್ಲಗೆ. ಮೊದಲು ಸಾಲ ಯಾವುದು ಅಂತ ಬಿಡಿಸಿ ನೋಡಿ. ಬಾಜಿ ಕಟ್ಟಿ ಸೋತದ್ದನ್ನು ಗೆದ್ದವನು ಕೋರ್ಟಿಗೆ ಹೋಗಿ ವಸೂಲಿ ಮಾಡುವ ಹಾಗಿಲ್ಲ, 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಒಪ್ಪಂದಕ್ಕೆ ಬೆಲೆ ಇಲ್ಲ. ಆದರೆ ಬ್ಯಾಂಕಿನಿಂದ, ಸೊಸೈಟಿಯಿಂದ, ಬಂಗಾರ ಅಡವಿಟ್ಟು ತಂದ ಸಾಲ ಬೇರೆ, ಅದನ್ನು ತೀರಿಸಲೇಬೇಕು. ತೀರಿಸುವುದಾದರೆ ದುಡ್ಡನ್ನು ತಮ್ಮನ ಕೈಗೆ ಕೊಡಬೇಡಿ, ನೇರವಾಗಿ ಬ್ಯಾಂಕಿಗೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ಸಲ ತೀರಿಸಿಬಿಡಬೇಡಿ, ಅವನ ಸಂಬಳದಿಂದಲೂ ತಿಂಗಳಿಗೆ ಇಷ್ಟು ಅಂತ ಹೋಗಲಿ. ಡಾಕ್ಟರ ಹತ್ತಿರ ಹೋಗುವ ದಿನ ಅವನೊಬ್ಬನನ್ನೇ ಕಳಿಸದೆ ನೀವೂ ಜೊತೆಗೆ ಹೋಗಿ. ಹೊಲದ ಪಹಣಿ, ಬಂಗಾರದ ಪೆಟ್ಟಿಗೆಯ ಕೀಲಿ ಸದ್ಯಕ್ಕೆ ಅವ್ವನ ಹತ್ತಿರ ಇರಲಿ.